ತನ್ನಷ್ಟಕ್ಕೆ ತೆರೆಯುವ ಬಾಗಿಲು

(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ತನ್ನಷ್ಟಕ್ಕೆ ಕೆಲಸ ಮಾಡುವ ಯಂತ್ರಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಇದು ಪೇಟೆಯವರ ವಿಷಯ, ನಮಗ್ಯಾಕೆ ಎನ್ನಬೇಡಿ. ನಮ್ಮ ಕಿಂಡಿ ಅಣೆಕಟ್ಟಿನಿಂದಲೇ ಸುರು ಮಾಡೋಣ.

ಮಳೆಗಾಲ ಮುಗಿದ ಮೇಲೆ ಕಿಂಡಿಗೆ ಹಲಗೆ ಹಾಕುತ್ತೇವೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತೇವೆ. ಅಕಾಲದಲ್ಲಿ ಘಾಟಿಯಲ್ಲಿ ದೊಡ್ಡ ಮಳೆ ಬಂತೆನ್ನಿ, ಮಧ್ಯರಾತ್ರಿಯಾದರೂ ಯಾರಾದರೂ ಓಡಲೇಬೇಕು. ತಡವಾದರೆ ನೀರು ತೋಟಕ್ಕೆ ನುಗ್ಗುತ್ತದೆ.

ಆಗ ಮುಂಬಯಿ ಸರಕಾರದಲ್ಲಿ ಇಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ಇಂಥದೇ ತೊಂದರೆಗೆ ಪರಿಹಾರ ಹುಡುಕಿದರು. ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳು ಬಂದವು. ನೀರು ಗೊತ್ತುಮಾಡಿದ ಮಟ್ಟ ದಾಟಿದರೆ ನೀರಿನ ಬಲದಿಂದಲೇ ಬಾಗಿಲು ತೆರೆಯುವುದು, ನೀರು ಇಳಿದರೆ ತಾನೇ ಮುಚ್ಚುವುದು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಮುಂದೆ ಕನ್ನಂಬಾಡಿ ಕಟ್ಟೆಗೂ ಇಂತಹ ಬಾಗಿಲುಗಳು ಬಂದವು.

ಇನ್ನೊಂದು ದಾರಿ ಮಗ್ಗದಿಂದ ಬಂದದ್ದು. ಫ್ರಾನ್ಸಿನ ಜಕಾರ್ಡ್ ಎಂಬವರು 1804ರ ಹೊತ್ತಿಗೆ ರಟ್ಟಿಗೆ ತೂತು ಹೊಡೆದು, ಯಾವ ನೂಲು ಏಳಬೇಕೆಂದು ಮಗ್ಗಕ್ಕೆ ತಿಳಿಸಿದರು. 1952ರಲ್ಲಿ ಅಮೆರಿಕದ ಎಂ.ಐ.ಟಿ.ಯವರು ತೂತು ಹೊಡೆದ ಪಟ್ಟಿಯಿಂದ ಲೋಹ ಕೆತ್ತುವ ಯಂತ್ರವನ್ನೇ ನಡೆಸಿ ತೋರಿಸಿದರು. ಮರುವರ್ಷ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ನಮ್ಮ ಕೈಗೆ ವಾಚು ಕಟ್ಟುವ ಮೊದಲು ಅದು ಯಂತ್ರ ತಯಾರಿಸುವ ಯಂತ್ರಗಳ ಕಾರ್ಖಾನೆ. ಅಂಕೆಯ ಅಪ್ಪಣೆಯಂತೆ ನಡೆಯುವ ಯಂತ್ರಗಳನ್ನೂ ಮುಂದೆ ಅದು ತಯಾರಿಸಿತು.

ಬಂಧುಗಳೇ, ಇಲ್ಲಿ ಒಂದು ಮಾತು ಗಮನಿಸಬೇಕು. ಬಾಗಿಲು ತಾನೇ ತೆರೆಯಿತು, ಸರಿ. ಯಾವ ಮಟ್ಟಕ್ಕೆ ತೆರೆಯಬೇಕೆಂದು ನಿಶ್ಚಯಿಸಿದವರು ಮನುಷ್ಯರು. ಮಗ್ಗ ತಾನೇ ನೇಯಿತು. ರಟ್ಟಿಗೆ ತೂತು ಹೊಡೆದದ್ದು ಮನುಷ್ಯನ ಕೈ. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪು!

ಈಗ ಸಹಕಾರಿ ಸಂಘಗಳಿಗೂ ಎಲೆಕ್ಟ್ರಾನಿಕ್ ತಕ್ಕಡಿ, ಕಂಪ್ಯೂಟರ್ ಬಂದಿವೆ. ಬರಲಿ, ಒಳ್ಳೆಯದೇ. ಆದರೆ ತಕ್ಕಡಿಯ ಮೇಲೆ ಆಗಾಗ ಸರಿಯಾದ ತೂಕದ ಕಲ್ಲು ಇಟ್ಟು ನೋಡಬೇಕು, ಅದನ್ನು ಸದಸ್ಯರ ಎದುರಲ್ಲೇ ನೋಡಬೇಕು. ಬಡ್ಡಿಯ ಲೆಕ್ಕ ಹೇಗೆ ಬಂತೆಂದು ಒಬ್ಬ ಅಜ್ಜಿ ಕೇಳಿದರೆ, "ಕಂಪ್ಯೂಟರ್ ಹಾಗೆ ಹೇಳ್ತದೆ" ಎಂದರೆ ಉತ್ತರವಾಗಲಿಲ್ಲ. ಅದಕ್ಕೆ ಹಾಗೆ ಹೇಳಲು ಹೇಳಿಕೊಟ್ಟವರು ನಾವೇ ಅಲ್ಲವೇ?

ಕೈಕೆಲಸವನ್ನು ಯಂತ್ರಕ್ಕೆ ಬಿಡೋಣ, ಜವಾಬ್ದಾರಿಯನ್ನು ಬಿಡುವುದು ಬೇಡ. ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ, ನನ್ನ ಎರಡು ಮಾತು ಮುಗಿಸುತ್ತೇನೆ.