ಪರಿಹಾರಧನ ಬೇರೆ, ನಿರುದ್ಯೋಗ ಭತ್ಯೆ ಬೇರೆ

(ಯಡಿಯೂರಿನಲ್ಲಿ ಕಾರ್ಮಿಕರು ಮತ್ತು ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ತತ್ತ್ವಗಳನ್ನು ಹೇಳಲು ನಾನು ಇಂದು ನಿಂತಿಲ್ಲ. ಒಂದು ಪ್ರಶ್ನೆಗೆ ಉತ್ತರ ಹೇಳಲು ನಿಂತಿದ್ದೇನೆ. ಕಾರ್ಖಾನೆಯವರು ಕೆಲಸದಿಂದ ತೆಗೆದ ಕಾರ್ಮಿಕನು, ಮಾಲೀಕರಿಂದ ಪರಿಹಾರಧನ ತೆಗೆದುಕೊಂಡ ಮೇಲೆ, ಇ.ಎಸ್.ಐ.ಯಿಂದ ನಿರುದ್ಯೋಗ ಭತ್ಯೆಯನ್ನೂ ಪಡೆಯಬಹುದೆ? ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರಗಳ ಕಡೆ ಕೆಲಸಕ್ಕೆ ಹೋಗುವವರು ಇದನ್ನು ಕೇಳುತ್ತಾರೆ. ಆದರೆ ಕೇಳುವಾಗ ದನಿ ತಗ್ಗಿಸುತ್ತಾರೆ, ಏನೋ ಕಳ್ಳಮಾಲು ಸಾಗಿಸುವವರ ಹಾಗೆ. ಆದ್ದರಿಂದ ಉತ್ತರವನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಪಡೆಯಬಹುದು. ಎರಡೂ ಬೇರೆ ಬೇರೆ ಹಣ, ಎರಡರ ಮೂಲವೂ ಬೇರೆ. ಒಂದನ್ನು ಪಡೆದದ್ದರಿಂದ ಇನ್ನೊಂದು ತಪ್ಪುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ತಪ್ಪಿಸಬಲ್ಲ ಒಂದು ಕಾಗದವಿದೆ. ಅದರ ಮಾತನ್ನು ಮುಂದೆ ಹೇಳುತ್ತೇನೆ.

ಮೊದಲು ಪರಿಹಾರಧನ. ಇದು ಯಾವ ಧಣಿಯೂ ಮನಸ್ಸು ಕರಗಿ ಕೊಟ್ಟದ್ದಲ್ಲ. 1953ರಲ್ಲಿ ನಮ್ಮ ದೇಶದ ಬಟ್ಟೆ ಗಿರಣಿಗಳಲ್ಲಿ ಮಾಲು ಖರ್ಚಾಗದೆ ರಾಶಿ ಬಿದ್ದಿತು. ಸಾವಿರಾರು ಮಂದಿಯನ್ನು ಕೆಲಸದಿಂದ ನಿಲ್ಲಿಸುವರೆಂಬ ಭೀತಿ ಹಬ್ಬಿತು. ಆಗ ಸರ್ಕಾರ ಸುಗ್ರೀವಾಜ್ಞೆ ತಂದು, 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಹೊಸ ಅಧ್ಯಾಯವನ್ನೇ ಸೇರಿಸಿತು. ಒಂದು ವರ್ಷ ಎಡೆಬಿಡದೆ ದುಡಿದವನನ್ನು ಹೆಚ್ಚುವರಿಯೆಂದು ತೆಗೆಯುವುದಾದರೆ ಒಂದು ತಿಂಗಳ ನೋಟೀಸು, ಇಲ್ಲವೆ ಅದರ ಸಂಬಳ. ಅದರ ಮೇಲೆ ದುಡಿದ ಪ್ರತಿ ವರ್ಷಕ್ಕೂ ಹದಿನೈದು ದಿನದ ಸರಾಸರಿ ವೇತನ. ಇದಕ್ಕೆ ರಿಟ್ರೆಂಚ್‌ಮೆಂಟ್ ಪರಿಹಾರವೆಂದು ಹೆಸರು. ಕಾರ್ಖಾನೆಯನ್ನೇ ಮುಚ್ಚಿದರೆ ಇದು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ, 1957ರಲ್ಲಿ ಪಾರ್ಲಿಮೆಂಟು ಆ ಬಿರುಕನ್ನೂ ಮುಚ್ಚಿತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಅದರಲ್ಲಿಯೂ ಈ ಹದಿನೈದು ದಿನದ ಲೆಕ್ಕ ಉಳಿದಿದೆ. ಜೊತೆಗೆ, ಹೊಸ ಕಸುಬು ಕಲಿಯಲೆಂದು ಮಾಲೀಕರು ಇನ್ನೂ ಹದಿನೈದು ದಿನದ ವೇತನವನ್ನು ಒಂದು ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಸೇರಬೇಕು.

ಇನ್ನು ನಿರುದ್ಯೋಗ ಭತ್ಯೆ. ಇದು ಮಾಲೀಕರ ಪೆಟ್ಟಿಗೆಯಿಂದ ಬರುವುದಲ್ಲ, ವಿಮೆಯಿಂದ ಬರುವುದು. ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ 1948ರದು. ನಮ್ಮ ಬೆಂಗಳೂರಿಗೆ ಆ ಯೋಜನೆ ಬಂದದ್ದು 1958ರಲ್ಲಿ. ಕಾಯಿಲೆ, ಹೆರಿಗೆ, ಗಾಯ, ಸಾವು, ಇವಕ್ಕೆ ನೆರವು ಇತ್ತು. ಕೆಲಸ ಹೋದರೆ ಮಾತ್ರ ಏನೂ ಇರಲಿಲ್ಲ. 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂದಿತು. ಅದರ ಭತ್ಯೆ ಯಾರಿಗೆ? ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ, ರಿಟ್ರೆಂಚ್‌ಮೆಂಟ್ ಆದವರಿಗೆ, ಅಂಗವೈಕಲ್ಯದಿಂದ ದುಡಿಯಲಾರದವರಿಗೆ ಎಂದೇ ಬರೆದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ರಿಟ್ರೆಂಚ್‌ಮೆಂಟ್ ಎಂದಮೇಲೆ ಕಾನೂನಿನ ಪ್ರಕಾರ ಪರಿಹಾರಧನ ಕೊಡಲೇಬೇಕು. ಕೊಡದೆ ತೆಗೆದರೆ ತೆಗೆದದ್ದೇ ಊರ್ಜಿತವಾಗದೆಂದು 1960ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಹಾಗಿರುವಾಗ, ಪರಿಹಾರಧನ ಪಡೆದವನಿಗೆ ಭತ್ಯೆ ಇಲ್ಲವೆಂದರೆ ಆ ಯೋಜನೆಯನ್ನು ಯಾರಿಗಾಗಿ ಮಾಡಿದರು? ಎರಡೂ ಒಬ್ಬನಿಗೇ ಸಲ್ಲುವುದೆಂಬುದನ್ನು ಬರೆದವರು ಬಲ್ಲರು. ತಿಳಿಯದವರು, ಇಲ್ಲವೆ ತಿಳಿದೂ ಹೇಳದವರು, ಕಾರ್ಖಾನೆಯ ಆಫೀಸಿನಲ್ಲಿ ಕುಳಿತಿರುವವರು.

2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯೆಂಬ ಇನ್ನೊಂದು ಬಂದಿತು. ಮೊದಲು ಸರಾಸರಿ ದಿನದ ಗಳಿಕೆಯ ನಾಲ್ಕನೆಯ ಒಂದು ಪಾಲು. 2020ರಲ್ಲಿ ಕೊರೋನಾ ಕಾಲಕ್ಕೆ ಅರ್ಧ ಪಾಲು. ಹೆಚ್ಚೆಂದರೆ 90 ದಿನ. ಬಾಳಿನಲ್ಲಿ ಒಂದೇ ಸಲ. ವಿಮೆಗೆ ಒಳಪಟ್ಟ ಕೆಲಸದಲ್ಲಿ ಎರಡು ವರ್ಷವಾದರೂ ಇದ್ದಿರಬೇಕು. ದುರ್ನಡತೆಯ ಶಿಕ್ಷೆಯಿಂದ ಕೆಲಸ ಹೋದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಸಲ್ಲುವುದಿಲ್ಲ. ಹೀಗೆ ಸಲ್ಲದವರ ಸಾಲಿನಲ್ಲಿ ‘ಪರಿಹಾರಧನ ಪಡೆದವರು’ ಎಂಬ ಮಾತು ಎಲ್ಲಿಯೂ ಇಲ್ಲ.

ಮೇಷ್ಟರ ಅಭ್ಯಾಸ ನನಗೆ ಇನ್ನೂ ಬಿಟ್ಟಿಲ್ಲ. ಒಂದು ಲೆಕ್ಕ ಹಾಕೋಣ. ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ 26 ದಿನ ದುಡಿಯುವ ಹೆಣ್ಣುಮಗಳು. ತಿಂಗಳಿಗೆ 13,000. ಆರು ವರ್ಷದ ಸರ್ವೀಸು. ವರ್ಷಕ್ಕೆ ಹದಿನೈದು ದಿನದಂತೆ ತೊಂಬತ್ತು ದಿನ. ಪರಿಹಾರ 45,000 ರೂಪಾಯಿ. ಭತ್ಯೆಗೆ ಎರಡು ವರ್ಷದ ಗಳಿಕೆ 3,12,000ವನ್ನು 730 ದಿನಕ್ಕೆ ಭಾಗಿಸಬೇಕು. ದಿನಕ್ಕೆ ಸುಮಾರು 427. ಅದರ ಅರ್ಧವನ್ನು 90ರಿಂದ ಗುಣಿಸಿದರೆ 19,200ರ ಆಸುಪಾಸು. ಯಾರಿಗೂ ಇದು ಅರಮನೆ ಕಟ್ಟುವ ಹಣವಲ್ಲ. ಆದರೆ ಮನೆ ಬಾಡಿಗೆ, ಮಕ್ಕಳ ಫೀಜು, ಅಂಗಡಿಯ ಬಾಕಿಗೆ ಮೂರು ತಿಂಗಳ ಉಸಿರು. ‘ಅದು ಸಿಕ್ಕಿತಲ್ಲ, ಇದು ಬೇಡ’ ಎಂದು ಯಾರದೋ ಮಾತು ಕೇಳಿ ಆಕೆ ಮನೆಯಲ್ಲಿ ಕುಳಿತರೆ ಈ 19,200 ಹೋದಂತೆಯೇ.

ಇದಕ್ಕೆ ಒಬ್ಬ ವರ್ತಕ ಮಿತ್ರರು ನನ್ನನ್ನು ನೇರವಾಗಿ ಕೇಳಿದರು: “ಮೇಷ್ಟ್ರೇ, ಪರಿಹಾರ ಕೊಡುವುದೂ ಕೆಲಸ ಹೋಯಿತೆಂದು, ಭತ್ಯೆ ಕೊಡುವುದೂ ಕೆಲಸ ಹೋಯಿತೆಂದು. ಒಂದೇ ಗಾಯಕ್ಕೆ ಎರಡು ಪಟ್ಟಿ ಏಕೆ?” ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೀಗೆ. ಪರಿಹಾರಧನದ ಅಳತೆ ಕಳೆದ ವರ್ಷಗಳು. ಕಾರ್ಖಾನೆಗೆ ಕೊಟ್ಟ ಪ್ರಾಯಕ್ಕೆ, ಹೋದ ಸರ್ವೀಸಿಗೆ ಮಾಲೀಕ ತೀರಿಸುವ ಸಾಲ ಅದು. ನಾಳೆ ಬೆಳಿಗ್ಗೆಯೇ ಬೇರೆ ಕೆಲಸ ಸಿಕ್ಕರೂ ಅದನ್ನು ಹಿಂದಕ್ಕೆ ಕೊಡಬೇಕಾಗಿಲ್ಲ. ಭತ್ಯೆಯ ಅಳತೆ ಮುಂದಿನ ಬರಿಗೈ ದಿನಗಳು. ಕೆಲಸ ಸಿಕ್ಕ ದಿನ ಅದು ನಿಲ್ಲುತ್ತದೆ, ನಿಲ್ಲಬೇಕು. ಕೆಲಸದಲ್ಲಿದ್ದುಕೊಂಡು ಪಡೆದರೆ ಅದು ಮೋಸ. ಗ್ರಾಚ್ಯುಯಿಟಿ ಪಡೆದವನಿಗೆ ಪರಿಹಾರವೇಕೆಂದು ಮಾಲೀಕರು ಹಿಂದೆ ಸುಪ್ರೀಂ ಕೋರ್ಟಿನವರೆಗೂ ವಾದಿಸಿದ್ದುಂಟು. ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ಆ ಮೊಕದ್ದಮೆಯಲ್ಲಿ, ಎರಡರ ಉದ್ದೇಶ ಬೇರೆ, ಎರಡೂ ಸಲ್ಲಬೇಕೆಂದು ತೀರ್ಪಾಗಿ ಅರವತ್ತು ವರ್ಷಗಳೇ ಮೀರಿದವು.

ಇನ್ನೂ ಒಂದು ಮಾತು. ನಾವು ನಿಂತಿರುವುದು ಸಿದ್ಧಲಿಂಗೇಶ್ವರರ ಕ್ಷೇತ್ರದಲ್ಲಿ. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ‘ಮನೆಯಿಂದ ಅಕ್ಕಿ ತಂದೆಯಾ?’ ಎಂದು ಯಾರೂ ಕೇಳುವುದಿಲ್ಲ. ಇ.ಎಸ್.ಐ. ಭತ್ಯೆ ಅಂಥ ದಾಸೋಹವೂ ಅಲ್ಲ. ಇಲ್ಲಿ ಅಕ್ಕಿ ತಂದವರು ನೀವೇ. 2019ರ ಜುಲೈನಲ್ಲಿ ಗೊತ್ತುಪಡಿಸಿದ ದರದಂತೆ ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ ಕಾರ್ಮಿಕನದು, ಮೂರೂಕಾಲು ರೂಪಾಯಿ ಮಾಲೀಕರದು. ಆ ಹೆಣ್ಣುಮಗಳ ಚೀಟಿಯಲ್ಲಿ ತಿಂಗಳು ತಿಂಗಳೂ 98 ರೂಪಾಯಿ ಕಡಿತವಾಗಿರುತ್ತದೆ. ಕೊಡುವಾಗ ತಪ್ಪದೆ ಕೊಟ್ಟವಳು ಪಡೆಯುವಾಗ ನಾಚಬೇಕೆ?

ಅಮೆರಿಕದಲ್ಲಿ ಈ ಪ್ರಶ್ನೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಉತ್ತರ. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕ ಕೊಟ್ಟ ಬಿಡುಗಡೆ ಹಣ ಸಾಮಾನ್ಯವಾಗಿ ಭತ್ಯೆಗೆ ಅಡ್ಡಿಯಲ್ಲ. ನ್ಯೂಯಾರ್ಕಿನಲ್ಲಿ ಆ ಹಣ ದೊಡ್ಡದಾದರೆ ಅಷ್ಟು ವಾರ ಭತ್ಯೆ ತಡೆಯುತ್ತಾರೆ. ಆದರೆ ಅಲ್ಲಿ ಭತ್ಯೆ ಎಂಬುದು ಕಾನೂನಾಗಿ 1930ರ ದಶಕದಿಂದಲೂ ನಿಂತಿದೆ. ನಮ್ಮಲ್ಲಿ ಅದು ಇಷ್ಟು ವರ್ಷಕ್ಕೆಂದು ಬಂದು, ಗಡುವು ಮುಗಿದಾಗಲೆಲ್ಲ ಮತ್ತೆ ಮುಂದುವರಿಸಿದ ಯೋಜನೆ.

ಈಗ ಆ ಕಾಗದದ ಮಾತು. ಅದರ ಮೇಲೆ ಎರಡೇ ಸಾಲು ಇರುತ್ತದೆ: ‘ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ನನ್ನ ಲೆಕ್ಕ ಚುಕ್ತಾ ಆಗಿದೆ.’ ಕೆಳಗೆ ಸಹಿ. ‘ಇದಕ್ಕೆ ಸಹಿ ಹಾಕಿದರೆ ಚೆಕ್ಕು ಈವತ್ತೇ’ ಎನ್ನುತ್ತಾರೆ. ಆ ಸಹಿಯೊಂದಿಗೆ ನೀವು ತೆಗೆಯಲ್ಪಟ್ಟವರಲ್ಲ, ಬಿಟ್ಟುಹೋದವರು. ಬಿಟ್ಟುಹೋದವರಿಗೆ ರಿಟ್ರೆಂಚ್‌ಮೆಂಟ್ ಪರಿಹಾರ ಹಕ್ಕಲ್ಲ. ಕೊಟ್ಟದ್ದು ಮಾಲೀಕರ ದಯೆ. ಸ್ವಯಂ ನಿವೃತ್ತಿಯೆಂದು ಬರೆದಿದ್ದರೆ ಭತ್ಯೆಯ ಬಾಗಿಲೂ ಮುಚ್ಚಿತು. ರಾಜೀನಾಮೆಯೆಂದಿದ್ದರೆ ಅಲ್ಲಿಯೂ ತಕರಾರು ಹುಟ್ಟಿತು.

ನಮ್ಮ ಸುತ್ತಲೇ ನೋಡಿ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಗಡಿಯಾರ ಕಾರ್ಖಾನೆಯೂ ಅದರದೇ. ಕೆಲಸಗಾರರ ಮುಂದಿಟ್ಟದ್ದು ಸ್ವಯಂ ನಿವೃತ್ತಿ ಯೋಜನೆ. ಹಣದ ಮೊತ್ತದ ಮಾತು ಹಾಗಿರಲಿ. ಕಾರ್ಖಾನೆಯೇ ಮುಚ್ಚುವಾಗ ‘ಸ್ವಯಂ’ ಎಂಬ ಮಾತಿಗೆ ಅರ್ಥವೇನು? 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಂಪನಿಯ ಗಾರ್ಮೆಂಟ್ಸ್‌ನಲ್ಲಿ ಸಾವಿರದ ಇನ್ನೂರರಷ್ಟು ಮಂದಿಗೆ ಲೇ-ಆಫ್ ನೋಟೀಸು ಬಂದಿತು, ಹೆಚ್ಚಿನವರು ಹೆಂಗಸರು. ನಮ್ಮ ಕಾನೂನಿನಲ್ಲಿ ಲೇ-ಆಫ್ ಎಂದರೆ ಕೆಲಸ ಹೋದದ್ದಲ್ಲ. ಹೆಸರು ಪುಸ್ತಕದಲ್ಲಿರುತ್ತದೆ, ಅರ್ಧ ಸಂಬಳ ಸಲ್ಲಬೇಕು. ಅವರು ಕಾರ್ಖಾನೆಯಲ್ಲೇ ವಾರಗಟ್ಟಲೆ ಧರಣಿ ಕುಳಿತರು. ಹೊಟ್ಟೆಪಾಡು ತಾಳಲಾರದೆ ಬಹಳ ಮಂದಿ ಹಣ ಪಡೆದು ರಾಜೀನಾಮೆಗೆ ಸಹಿ ಹಾಕಿದರು. ಸಂಘ ಹಿಡಿದ ಪಟ್ಟು ಬಿಡದಿದ್ದುದರಿಂದ 2021ರಲ್ಲಿ ಮತ್ತೆ ಕೆಲಸ ಕೊಡುವ ಒಪ್ಪಂದವಾಯಿತು. ಸಹಿ ಹಾಕಿದವರನ್ನು ನಾನು ಹಳಿಯುವುದಿಲ್ಲ. ಹಸಿವು ಬಾಗಿಲಲ್ಲಿ ಕುಳಿತಾಗ ಓದದೆ ಸಹಿ ಹಾಕುವವರೇ ಹೆಚ್ಚು. ಆದ್ದರಿಂದಲೇ ಹಸಿವಿಗೆ ಮುಂಚೆ ಈ ಮಾತು ತಿಳಿದಿರಬೇಕು.

ಮಾಡಬೇಕಾದದ್ದು ಇಷ್ಟು. ತೆಗೆಯುವುದಾದರೆ ಆದೇಶವನ್ನು ಕಾಗದದ ಮೇಲೆ ಕೇಳಿ. ಅದರಲ್ಲಿ ಕಾರಣ ಬರೆದಿರಲಿ. ‘ಸ್ವಂತ ಇಚ್ಛೆ’ ಎಂಬ ಮಾತಿದ್ದರೆ ಸಹಿ ಮಾಡದೆ ಸಂಘಕ್ಕೆ ತನ್ನಿ. ಸಂಬಳದ ಚೀಟಿ, ಇ.ಎಸ್.ಐ. ನಂಬರು, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಒಂದೆಡೆ ಇಡಿ. ಭತ್ಯೆಗೆ ಮಾಲೀಕರ ಮೂಲಕವೇ ಹೋಗಬೇಕೆಂಬ ಕಟ್ಟಳೆಯನ್ನು 2020ರಲ್ಲಿ ಸಡಿಲಿಸಿ, ಕೆಲಸ ಹೋದ ಮೂವತ್ತು ದಿನದ ಮೇಲೆ ನೇರವಾಗಿ ಶಾಖಾ ಕಚೇರಿಗೇ ಅರ್ಜಿ ಕೊಡುವಂತೆ ಮಾಡಿದರು. ಗಡುವು ಬದಲಾಗುತ್ತಿರುತ್ತದೆ, ಹೋದ ದಿನವೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ವರ್ತಕ ಮಿತ್ರರೇ, ಇದು ನಿಮ್ಮ ಮಾತೂ ಹೌದು. ಬಟವಾಡೆ ನಿಂತ ತಿಂಗಳು ಮೊದಲು ನಿಲ್ಲುವುದು ನಿಮ್ಮ ಉದ್ರಿ ಪುಸ್ತಕದ ವಸೂಲಿ. ಆ 19,200 ರೂಪಾಯಿ ಬೊಂಬಾಯಿಗೆ ಹೋಗುವುದಿಲ್ಲ; ಅಕ್ಕಿ, ಬೇಳೆ, ಎಣ್ಣೆಯ ರೂಪದಲ್ಲಿ ನಿಮ್ಮ ಗಲ್ಲಾಕ್ಕೇ ಬರುತ್ತದೆ. ‘ನನಗೆ ನಷ್ಟವಾದರೆ ಯಾರು ಕೊಡುತ್ತಾರೆ?’ ಎಂದು ನೀವು ಕೇಳುವುದು ಸರಿ. ನಿಮಗೂ ಇಲ್ಲ, ನಿಮ್ಮಲ್ಲಿ ದುಡಿಯುವ ಒಬ್ಬಿಬ್ಬರು ಹುಡುಗರಿಗೂ ಇಲ್ಲ. ಆದರೆ ಪಕ್ಕದ ಎಲೆಯಿಂದ ಕಿತ್ತುಕೊಂಡರೆ ನಮ್ಮ ಎಲೆ ತುಂಬುವುದಿಲ್ಲ. ನಮಗೂ ಎಲೆ ಹಾಕಿ ಎಂದು ಒಟ್ಟಿಗೆ ಕೇಳಬೇಕು.

ಆದ್ದರಿಂದ ನಮ್ಮ ಬೇಡಿಕೆ ಮೂರು. ನಿರುದ್ಯೋಗ ಭತ್ಯೆ ಗಡುವಿನ ಯೋಜನೆಯಾಗಿರದೆ ಶಾಶ್ವತ ಹಕ್ಕಾಗಲಿ. ಕಾರ್ಖಾನೆ ಮುಚ್ಚುವಾಗ ಬರೆಸಿಕೊಂಡ ‘ಸ್ವಯಂ ನಿವೃತ್ತಿ’ಯನ್ನು ಭತ್ಯೆಯ ಮಟ್ಟಿಗೆ ಕೆಲಸ ಕಳೆದುಕೊಂಡದ್ದೆಂದೇ ಎಣಿಸಲಿ. ಸಣ್ಣ ಅಂಗಡಿಯವರೂ ಅವರ ಕೆಲಸಗಾರರೂ ಕಂತು ಕಟ್ಟಿ ಈ ವಿಮೆಯೊಳಗೆ ಬರುವ ದಾರಿಯಾಗಲಿ. ಇವು ಈಡೇರಲು ಕಾಲ ಬೇಕಾದೀತು. ಸಹಿ ಹಾಕುವ ಮುಂಚೆ ಕಾಗದ ಓದಲು ಯಾವ ಕಾಲವೂ ಬೇಕಿಲ್ಲ. ಓದಲು ಬಾರದವರು ಓದುಬಲ್ಲವರ ಬಳಿ ಬನ್ನಿ. ಓದುಬಲ್ಲವರು ಬೇಸರಿಸದೆ ಓದಿ ಹೇಳಿ.