ಕೋಳಿಯ ಎತ್ತರಕ್ಕೆ ಬಗ್ಗಿ



ರೋಹಿಣಿ ಮಳೆ ಕಳೆದು ಮಿರ್ಗ ಹಿಡಿಯುವ ಮೊದಲು ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಕೆಲಸ ಒಂದೆರಡಲ್ಲ. ಕಟ್ಟಿಗೆ ಒಳಗೆ ಬರಬೇಕು, ಒಡೆದ ಹಂಚು ಬದಲಾಗಬೇಕು, ಗೋಡೆಗೆ ಮಡಲಿನ ತಟ್ಟಿ ಕಟ್ಟಬೇಕು, ಒಣಮೀನು ಡಬ್ಬಿ ಸೇರಬೇಕು. ಈ ಪಟ್ಟಿಯ ತೀರ ಕೊನೆಯಲ್ಲಿ, ಯಾರಿಗಾದರೂ ನೆನಪಾದರೆ, ಹಿತ್ತಿಲಿನ ಕೋಳಿಗೂಡು.

ಹಿಮ ಬೀಳುವ ನಾಡುಗಳಲ್ಲಿ ಕೋಳಿಗೂಡನ್ನು ಡಿಸೆಂಬರ್ ಚಳಿಗೆ ಸಜ್ಜು ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆ ಚಳಿ ಕೋಳಿಗೆ ಲೆಕ್ಕಕ್ಕಿಲ್ಲ. ಅದರ ಮೈಬಿಸಿಯೇ 41 ಡಿಗ್ರಿ. ಪುಕ್ಕ ಉಬ್ಬಿಸಿ, ನಡುವೆ ಗಾಳಿ ಹಿಡಿದಿಟ್ಟುಕೊಂಡು ಬೆಚ್ಚಗೆ ಕೂತುಬಿಡುತ್ತದೆ. ಆದರೆ ಪುಕ್ಕ ನೆನೆಯಿತೋ, ಆ ಉಪಾಯ ಕೆಟ್ಟಂತೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಕೋಳಿ ನಡುಗುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಅದೇ ಹೊತ್ತಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿಲ್ಲದ ದಿನ ಊಟದ ಮಾನ ಉಳಿಸುವುದು ಹಿತ್ತಿಲಿನ ತತ್ತಿ.

ಮಳೆ ಜಡಿ ಹಿಡಿದಾಗ ನಮಗೆ ಮೊದಲು ಹೊಳೆಯುವುದು ಮುಚ್ಚುವುದು. ನೀಲಿ ಟಾರ್ಪಾಲು ತಂದು ಗೂಡಿನ ನಾಲ್ಕೂ ಬದಿಗೆ ಬಿಗಿದು ಕಟ್ಟುತ್ತೇವೆ. ಹೊರಗಿನಿಂದ ನೋಡಿದರೆ ಒಳಗೆ ಬೆಚ್ಚಗಿದೆ ಎಂದು ಸಮಾಧಾನ. ಒಳಗೆ ಆಗುವುದೇ ಬೇರೆ. ಹಿಕ್ಕೆಗೆ ತೇವ ಸೇರಿದೊಡನೆ ಸೂಕ್ಷ್ಮಾಣುಗಳು ಅದನ್ನು ಕೊಳೆಸಿ ಅಮೋನಿಯಾ ಬಿಡುತ್ತವೆ. ಆ ಘಾಟು ಕೋಳಿಯ ಕಣ್ಣು ಉರಿಸುತ್ತದೆ, ಉಸಿರಿನ ದಾರಿಯನ್ನು ಕೆಡಿಸುತ್ತದೆ. ಹಸಿ ನೆಲದಲ್ಲೇ ಮರಿಗಳಿಗೆ ರಕ್ತಭೇದಿಯೂ ಹತ್ತುತ್ತದೆ.

ನಿಂತು ಮೂಸಿದರೆ ಆ ಘಾಟು ಗೊತ್ತಾಗುವುದಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೊಡನೆ ಕೋಳಿಯ ತಲೆಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ನಮ್ಮ ಮೂಗು ಚುರ್ರೆಂದರೆ, ಕೋಳಿ ರಾತ್ರಿಯಿಡೀ ಅದೇ ಗಾಳಿ ಕುಡಿದಿದೆ ಎಂದರ್ಥ. ಇನ್ನೊಂದು ಪರೀಕ್ಷೆ: ಗೂಡಿನ ನೆಲಕ್ಕೆ ಉಮಿ ಹಾಸಿದ್ದರೆ ಅದನ್ನು ಒಂದು ಹಿಡಿ ತೆಗೆದು ಅದುಮಿ, ಕೈ ಬಿಡಿಸಿ. ಉಂಡೆ ಕಟ್ಟಿದರೆ ಹಸಿ ಹೆಚ್ಚಾಗಿದೆ, ಬದಲಿಸಬೇಕು. ಬಿರುಕು ಬಿಟ್ಟು ಉದುರಿದರೆ ಸರಿಯಾಗಿದೆ.

ಗೂಡಿಗೆ ಗಾಳಿ ಏಕೆ ಬೇಕೆಂಬುದು ಕೋಳಿಯ ವಂಶ ಕೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಗೇರುಸೊಪ್ಪೆಯ ಕಾಡಿನಲ್ಲಿ ಕೂಗುವ ಬೂದು ಕಾಡುಕೋಳಿ ನಮ್ಮ ಊರುಕೋಳಿಗೆ ನೆಂಟ. ಸಾಕುಕೋಳಿಯ ಹಳದಿ ಕಾಲಿನ ಗುಣ ಬಂದದ್ದು ಈ ಬೂದು ಕಾಡುಕೋಳಿಯ ಕಡೆಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ನೆಂಟ ರಾತ್ರಿ ಕಳೆಯುವುದು ಮರದ ಕೊಂಬೆಯ ಮೇಲೆ, ತಲೆಯ ಮೇಲೆ ಎಲೆ, ಸುತ್ತ ಗಾಳಿ. ಗೂಡಿನಲ್ಲಿ ನಾವು ಕೊಡಬೇಕಾದದ್ದೂ ಅಷ್ಟೇ. ನೆಲದಿಂದ ಎರಡಡಿ ಎತ್ತರಕ್ಕೆ ಚಿರೆಕಲ್ಲಿನ ಮೇಲೆ ಗೂಡು, ಹಿಕ್ಕೆ ಕೆಳಗೆ ಬೀಳುವಂತೆ ಸಂದು ಬಿಟ್ಟ ಅಡಿಕೆ ದಬ್ಬೆಯ ಅಟ್ಟ, ಕೂರಲು ಒಂದು ಅಡ್ಡಕೋಲು. ಇರಚಲು ಹೊಡೆಯುವ ಪಡುಬದಿಗೆ ಗಟ್ಟಿ ತಟ್ಟಿ. ಮೂಡುಬದಿಗೆ ಮುಂಗುಸಿ, ಹಾವು ನುಗ್ಗದಷ್ಟು ಸಣ್ಣ ಕಣ್ಣಿನ ಬಲೆ. ಮಾಡಿನ ಕೆಳಗೆ ಗಾಳಿ ಹಾಯಲು ಒಂದು ಗೇಣು ಜಾಗ.

ಇನ್ನೊಂದು ಕೆಲಸ ಮಾತ್ರ ಒಂದೇ ಮನೆಯಿಂದ ಆಗುವುದಲ್ಲ. ಕೋಳಿಗಳಲ್ಲಿ ಹರಡುವ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸುವುದು. ಒಂದು ಸೀಸೆಯಲ್ಲಿ ನೂರು ಕೋಳಿಗಾದರೂ ಆಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಯಬೇಕು. ಐದಾರು ಕೋಳಿಯ ಮನೆಯವರು ಕೇರಿಯವರನ್ನೆಲ್ಲ ಕೂಡಿಸಿಕೊಂಡೇ ಪಶು ಆಸ್ಪತ್ರೆಯಲ್ಲಿ ಕೇಳಬೇಕು. ರೋಗಕ್ಕೆ ಬೇಲಿ ಗೊತ್ತಿಲ್ಲ. ಪಕ್ಕದ ಮನೆಯ ಕೋಳಿ ಉಳಿದರೆ ನಮ್ಮದೂ ಉಳಿದೀತು.

ಕಾಳಜಿಯ ವಿಷಯದಲ್ಲಿ ಮನುಷ್ಯರ ನಡುವೆಯೂ, ಗೂಡನ್ನು ಬಿಗಿದು ಮುಚ್ಚುವಂಥ ಆ ಟಾರ್ಪಾಲು ಬುದ್ಧಿ ಇದೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಊರಿನ ಅಮ್ಮನ ಕೋಣೆಗೆ ಟಿ.ವಿ. ತರಿಸುತ್ತಾನೆ, ಹಾಸಿಗೆ ತರಿಸುತ್ತಾನೆ. ಅಂಗಳ ಜಾರುತ್ತದೆ, ಹೊರಗೆ ಇಳಿಯಬೇಡ ಎಂದು ಫೋನಿನಲ್ಲಿ ಹೇಳುತ್ತಾನೆ. ಅವನ ಪ್ರೀತಿಯಲ್ಲಿ ಕೊರತೆಯಿಲ್ಲ. ಅಮ್ಮನಿಗೆ ಬೇಕಾದದ್ದು ಜಗಲಿಯಲ್ಲೊಂದು ಕುರ್ಚಿ, ದಾರಿಯಲ್ಲಿ ಹೋಗುವವರ ಜೊತೆ ನಾಲ್ಕು ಮಾತು. ಕೇಳಿದ್ದರೆ ಹೇಳುತ್ತಿದ್ದಳು.

ನಮ್ಮ ಎತ್ತರದಲ್ಲಿ ನಿಂತು ಅಳೆದ ಸುಖ ಇನ್ನೊಬ್ಬರ ಅಳತೆಗೆ ಸರಿಹೊಂದಬೇಕೆಂದೇನಿಲ್ಲ. ಯಾರನ್ನೇ ಕಾಯಲು ಹೊರಟರೂ, ಮಾತು ಬರುವವರಾದರೆ ಮೊದಲು ಕೇಳೋಣ. ಮಾತು ಬಾರದ ಜೀವವಾದರೆ ಅದರ ಮಟ್ಟಕ್ಕೆ ಬಗ್ಗಿ ನೋಡೋಣ. ಹೊದಿಕೆ ಎಲ್ಲಿ ಬೇಕು, ಕಿಂಡಿ ಎಲ್ಲಿ ಬೇಕು ಎಂಬುದನ್ನು ಆಮೇಲೆ ತೀರ್ಮಾನಿಸಿದರಾಯಿತು.