‘ಪಪ್ಪಾ ಆರಾಮಾಗಿದ್ದಾರೆ’: ಕಡಲಾಚೆಗೆ ಹೋದ ಒಂದು ಸುಳ್ಳು

ಇವತ್ತು ಪತ್ರಗಳ ಬಗ್ಗೆ ಮಾತಾಡ್ತೀನಿ. ‘ಪತ್ರ ಬರೆಯೋ ಕಾಲ ಎಷ್ಟು ಚಂದ ಇತ್ತು’ ಅಂತ ನಿಟ್ಟುಸಿರು ಬಿಡೋಕಲ್ಲ, ಹೆದರಬೇಡಿ. ಆ ಕಾಲ ಅಷ್ಟೇನೂ ಚಂದ ಇರಲಿಲ್ಲ ಅಂತಾನೇ ನನ್ನ ವಾದ.

ಬೆಳ್ತಂಗಡಿ ಹತ್ತಿರ ಇರೋ ನಮ್ಮ ಅಜ್ಜಿ ಮನೆಯ ಕಪಾಟಿನಲ್ಲಿ ಒಂದು ತಗಡಿನ ಬಿಸ್ಕತ್ ಡಬ್ಬ ಇತ್ತು. ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅದು ನನ್ನ ಕೈಗೆ ಬಂತು. ಒಳಗೆ ಏರೋಗ್ರಾಮ್‌ಗಳು. ಗೊತ್ತಿಲ್ಲದವರಿಗೆ ಹೇಳ್ತೀನಿ: ತೆಳುವಾದ ನೀಲಿ ಹಾಳೆ, ಬರೆದು ಮಡಚಿ ಅಂಟಿಸಿದ್ರೆ ಅದೇ ಕವರ್. ವಿಮಾನದಲ್ಲಿ ಹೋಗುತ್ತೆ, ಒಳಗೆ ಬೇರೇನೂ ಇಡೋ ಹಾಗಿಲ್ಲ. ಬರೆದವರು ನನ್ನ ಅಮ್ಮನ ಅಕ್ಕ. ಅವರು ಕನ್ಯಾಸ್ತ್ರೀ. ನರ್ಸಿಂಗ್ ಕಲಿತು, 1986ರಲ್ಲಿ, 24ನೇ ವಯಸ್ಸಿಗೆ ತಾಂಜಾನಿಯಾಕ್ಕೆ ಹೋದವರು. ಅಲ್ಲಿನ ಒಂದು ಹಳ್ಳಿಯ ಸಣ್ಣ ದವಾಖಾನೆಯಲ್ಲಿ ಕೆಲಸ. ಪತ್ರ ಬರೆದದ್ದು ಕೊಂಕಣಿಯಲ್ಲಿ, ಆದ್ರೆ ಕನ್ನಡ ಲಿಪಿಯಲ್ಲಿ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಅದೇ ರೂಢಿ.

1987ರ ಸೆಪ್ಟೆಂಬರ್‌ನ ಪತ್ರ ಒಂದಿದೆ. ಅದರಲ್ಲಿ ಅವರು ಬರೀತಾರೆ: ಪಪ್ಪಾನ ಕೆಮ್ಮು ಹೇಗಿದೆ? ರಾತ್ರಿ ತಲೆ ಕೆಳಗೆ ಎರಡು ದಿಂಬು ಇಡಿ. ಶುಂಠಿ ರಸಕ್ಕೆ ಜೇನು ಹಾಕಿ ಕೊಡಿ. ಕಫದಲ್ಲಿ ರಕ್ತ ಕಂಡ್ರೆ ತಡ ಮಾಡಬೇಡಿ, ಮಂಗಳೂರಿಗೆ ಕರ್ಕೊಂಡು ಹೋಗಿ.

ನನ್ನ ಅಜ್ಜ ತೀರಿಕೊಂಡಿದ್ದು ಅದೇ ವರ್ಷ ಜುಲೈನಲ್ಲಿ. ಆಟಿ ತಿಂಗಳ ಮಳೆಯಲ್ಲಿ.

ಮೊದಲು ನಾನು ಅಂದುಕೊಂಡೆ, ಪಾಪ, ಸುದ್ದಿ ಇನ್ನೂ ತಲುಪಿರಲಿಲ್ಲ ಅಂತ. ಆದ್ರೆ ಅಕ್ಟೋಬರ್ ಪತ್ರದಲ್ಲೂ ಪಪ್ಪಾನಿಗೆ ನಮಸ್ಕಾರ ಇದೆ. ನವೆಂಬರ್‌ನಲ್ಲೂ ಇದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಶುಭಾಶಯ, ಮೊದಲ ಹೆಸರೇ ಪಪ್ಪಾ. ಆಮೇಲೆ ಐದು ತಿಂಗಳು ಏನೂ ಇಲ್ಲ.

ಆ ಐದು ತಿಂಗಳ ಕಥೆಗೆ ಆಮೇಲೆ ಬರ್ತೀನಿ. ಈ ಡಬ್ಬ ಸಿಕ್ಕಿದ ಮೇಲೆ ನನಗೊಂದು ಹುಚ್ಚು ಹಿಡೀತು: ಮನೆಯಿಂದ ಸಾವಿರಾರು ಮೈಲಿ ದೂರ ಹೋಗೋ ಎಳೆಯ ಮಿಷನರಿಗಳು ಮನೆಗೆ ಏನು ಬರೀತಾ ಇದ್ರು, ಮನೆಯವರು ಏನು ಬರೀತಾ ಇದ್ರು? ಹುಡುಕಿದ್ರೆ ದಾರಿ ಮತ್ತೆ ನಮ್ಮ ಮಂಗಳೂರಿಗೇ ಬಂತು. ನನ್ನ ದೊಡ್ಡಮ್ಮ ಇಲ್ಲಿಂದ ಹೋದ್ರು. ಅದಕ್ಕೆ ಒಂದೂವರೆ ಶತಮಾನ ಮೊದಲು ಕೆಲವರು ಇಲ್ಲಿಗೆ ಬಂದಿದ್ರು.

ಬೆಂಗಳೂರಿನ ಎಂ.ಜಿ. ರೋಡ್‌ನಲ್ಲಿ, ಮೇಯೋ ಹಾಲ್ ಹತ್ತಿರ, ಫರ್ಡಿನೆಂಡ್ ಕಿಟೆಲ್ ಪ್ರತಿಮೆ ನೋಡಿರ್ತೀರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದವರು. ಕಿಟೆಲ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಗಡ್ಡದ ಮುದುಕ. ಆದ್ರೆ 1853ರಲ್ಲಿ ಬಂದಾಗ ಅವರಿಗೆ ಬರೀ 21. ಉತ್ತರ ಜರ್ಮನಿಯ ಒಬ್ಬ ಪಾದ್ರಿಯ ಮಗ. ‘ಮಂಗಳೂರು ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ 25. ಇವತ್ತು ಆ ವಯಸ್ಸಿನವರು ಪಿಜಿಯಲ್ಲಿ ಊಟ ಚೆನ್ನಾಗಿಲ್ಲ ಅಂತ ಮನೆಗೆ ಫೋನ್ ಮಾಡ್ತಾರೆ. ನಾನೂ ಮಾಡ್ತಿದ್ದೆ.

ಇವರನ್ನೆಲ್ಲ ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್. ಕರಾವಳಿಯವರಿಗೆ ಇದು ಹೆಂಚಿನ ಹೆಸರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು ಅವರೇ. ಅಲ್ಲಿಂದ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಹಳ್ಳಿಗಳ ರೈತರ, ಕುಶಲಕರ್ಮಿಗಳ ಮಕ್ಕಳು. ಮೊದಲ ಮೂವರು 1834ರ ಜುಲೈನಲ್ಲಿ ಹಡಗು ಹತ್ತಿ, ಆಫ್ರಿಕಾ ಸುತ್ತಿ ಬಂದು, ಅಕ್ಟೋಬರ್ 30ಕ್ಕೆ ಮಂಗಳೂರಿಗೆ ಕಾಲಿಟ್ಟರು. ಪತ್ರಕ್ಕೂ ಅದೇ ದಾರಿ, ಅಷ್ಟೇ ಸಮಯ. ಇಲ್ಲಿಂದ ‘ಜ್ವರ ಬಂದಿದೆ’ ಅಂತ ಬರೆದ್ರೆ, ಅಮ್ಮನಿಂದ ‘ಈಗ ಹೇಗಿದ್ದೀಯ?’ ಅಂತ ಉತ್ತರ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರೋದು. ಆಮೇಲೆ ಈಜಿಪ್ಟ್ ಮೂಲಕ ಟಪಾಲು ಶುರುವಾಗಿ ಅದು ಸ್ವಲ್ಪ ಇಳೀತು. 1869ರಲ್ಲಿ ಸೂಯೆಜ್ ಕಾಲುವೆ, 1870ರಲ್ಲಿ ಮುಂಬೈಗೆ ಸಮುದ್ರದಡಿಯ ತಂತಿ. ಆದ್ರೆ ತಂತಿಯಲ್ಲಿ ಪದಕ್ಕೆ ಇಷ್ಟು ಅಂತ ದುಡ್ಡು. ಮನಸ್ಸಿನ ಮಾತು ಹೇಳೋಕೆ ಯಾರಿಗೆ ಕಟ್ಟುತ್ತೆ?

ನನಗೆ ಹೆಚ್ಚು ತಟ್ಟಿದ್ದು ತಡ ಅಲ್ಲ, ಇನ್ನೊಂದು ವಿಷಯ. ಮಿಷನರಿ ಎರಡು ಥರದ ಪತ್ರ ಬರೀಬೇಕಿತ್ತು. ಒಂದು, ಬಾಸೆಲ್‌ನ ಕಮಿಟಿಗೆ ವರದಿ. ಅದರಿಂದ ಆಯ್ದ ಭಾಗಗಳು ಮಿಷನ್‌ನ ಪತ್ರಿಕೆಯಲ್ಲಿ ಅಚ್ಚಾಗ್ತಿದ್ವು. ಅದನ್ನು ಊರೂರಲ್ಲಿ ಜನ ಓದ್ತಿದ್ರು, ಚಂದಾ ಎತ್ತುತ್ತಿದ್ರು. ಇನ್ನೊಂದು, ಮನೆಗೆ. ಅದೂ ಪೂರ್ತಿ ಖಾಸಗಿ ಅಲ್ಲ. ದೂರದೇಶದ ಪತ್ರ ಬಂತು ಅಂದ್ರೆ ಅಕ್ಕಪಕ್ಕದವರು, ಚರ್ಚಿನವರು ಎಲ್ಲಾ ಕೂತು ಕೇಳೋದು. ಹಾಗಿರುವಾಗ ‘ನನಗೆ ಇಲ್ಲಿ ಭಯ ಆಗ್ತಿದೆ, ನಾನು ಮಾಡ್ತಿರೋದು ಸರೀನಾ ಗೊತ್ತಿಲ್ಲ’ ಅಂತ ಯಾವ ಹುಡುಗ ಬರೀತಾನೆ? ಊರೇ ಓದೋ ಪತ್ರದಲ್ಲಿ? ಫ್ಯಾಮಿಲಿ ಗ್ರೂಪ್‌ನಲ್ಲಿ ನೀವು ‘ಐ ಆಮ್ ಫೈನ್’ ಅಂತ ಹಾಕ್ತೀರಲ್ಲ, ಅದೇ.

ಮದುವೆ ಕೂಡ ಪತ್ರದಲ್ಲೇ. ಹುಡುಗರು ಒಂಟಿಯಾಗಿಯೇ ಹೊರಡಬೇಕು. ಸಾಮಾನ್ಯವಾಗಿ ಎರಡು ವರ್ಷ ಕೆಲಸ ಮಾಡಿದ ಮೇಲೆ, ಮದುವೆಗೆ ಅನುಮತಿ ಕೊಡಿ ಅಂತ ಕಮಿಟಿಗೆ ಅರ್ಜಿ. ಕಮಿಟಿ ಒಪ್ಪಿದ್ರೆ ಹುಡುಗಿ ಹುಡುಕಾಟ, ಹುಡುಗಿಯ ನಡತೆ, ಆರೋಗ್ಯದ ವಿಚಾರಣೆ, ಹುಡುಗಿಯ ಅಪ್ಪನಿಗೆ ಪತ್ರ. ಎಷ್ಟೋ ಹುಡುಗಿಯರು ಮುಖ ನೋಡದ ಗಂಡನ್ನು ಮದುವೆ ಆಗೋಕೆ ಹಡಗು ಹತ್ತಿದ್ರು. ಜರ್ಮನ್ ಸಂಶೋಧಕಿ ಡಾಗ್ಮಾರ್ ಕೊನ್ರಾಡ್ ಈ ‘ಮಿಷನ್ ವಧು’ಗಳ ಪತ್ರ, ಡೈರಿಗಳ ಮೇಲೆ ಒಂದು ಇಡೀ ಪುಸ್ತಕವೇ ಬರೆದಿದ್ದಾರೆ. ನಮ್ಮಲ್ಲಿ ಜಾತಕ ಬರ್ತಿತ್ತು, ಅವರಲ್ಲಿ ಕಮಿಟಿ ಪತ್ರ. ಅಷ್ಟೇನೂ ವ್ಯತ್ಯಾಸ ಇಲ್ಲ.

ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನನಗೆ ತಮಾಷೆ ಮಾಡೋಕೆ ಆಗಲ್ಲ. ಮಂಗಳೂರು, ಧಾರವಾಡ, ಹುಬ್ಬಳ್ಳಿಯಲ್ಲಿ ಹುಟ್ಟಿದ ಮಿಷನರಿ ಮಕ್ಕಳನ್ನು ಆರೇಳು ವರ್ಷ ಆಗುವಷ್ಟರಲ್ಲಿ ಯುರೋಪಿಗೆ ಕಳಿಸಬೇಕಿತ್ತು. ಓದಿಗೆ, ಆರೋಗ್ಯಕ್ಕೆ, ‘ಸರಿಯಾಗಿ’ ಬೆಳೆಯೋಕೆ. 1853ರಲ್ಲಿ ಬಾಸೆಲ್‌ನಲ್ಲಿ ಅದಕ್ಕಂತಲೇ ಮಕ್ಕಳ ಮನೆ ಶುರುವಾಯ್ತು. ಅಪ್ಪ ಅಮ್ಮ ಇಲ್ಲಿ, ಮಗು ಅಲ್ಲಿ. ಅಂದ್ರೆ, ಮನೆಯಿಂದ ದೂರ ಅಂತ ಪತ್ರ ಬರೀತಿದ್ದ ಹುಡುಗ ಈಗ ಅಪ್ಪ. ಅವನ ಮಗುವೇ ದೂರ. ಅಮ್ಮ ಅಂದ್ರೆ ಆ ಮಗುವಿಗೆ ಒಂದು ಕೈಬರಹ, ಆಮೇಲಾಮೇಲೆ ಒಂದು ಫೋಟೊ.

ಒಂದು ಉದಾಹರಣೆ. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಇದೇ ಬಾಸೆಲ್ ಮಿಷನ್‌ನವರು, ಕೇರಳದ ತಲಶ್ಶೇರಿಯಲ್ಲಿ ಇದ್ದವರು. ಅವರ ಮಗಳು ಮರೀ ಅಲ್ಲೇ 1842ರಲ್ಲಿ ಹುಟ್ಟಿದ್ದು. ಮೂರ್ನಾಲ್ಕು ವರ್ಷದವಳಿದ್ದಾಗ ಯುರೋಪಿಗೆ ಕರೆದುಕೊಂಡು ಹೋಗಿ, ಅವಳನ್ನು ಅಲ್ಲೇ ಬಿಟ್ಟು, ಅಪ್ಪ ಅಮ್ಮ ವಾಪಸ್ ಬಂದ್ರು. ಅವಳು ಮತ್ತೆ ಇಂಡಿಯಾಕ್ಕೆ ಬಂದಿದ್ದು 1857ರಲ್ಲಿ, 15ನೇ ವಯಸ್ಸಿಗೆ. ನಡುವೆ ಹತ್ತು ವರ್ಷ, ಪತ್ರಗಳು. ಈ ಮರೀ ಯಾರು ಗೊತ್ತಾ? ‘ಸಿದ್ಧಾರ್ಥ’ ಕಾದಂಬರಿ ಬರೆದ ಹರ್ಮನ್ ಹೆಸ್ಸೆಯ ಅಮ್ಮ. ಹೆಸ್ಸೆ ಕೂಡ 1892ರಲ್ಲಿ ಶಾಲೆಯಿಂದ ಓಡಿಹೋಗಿ, ಆಮೇಲೆ 15 ಆದಾಗ, ಅಪ್ಪ ಅಮ್ಮ ಸೇರಿಸಿದ ಸಂಸ್ಥೆಯಿಂದ ಮನೆಗೆ ಬೆಂಕಿಯಂಥ ಪತ್ರಗಳನ್ನು ಬರೆದ. ಅವೆಲ್ಲ ಇವತ್ತು ಪುಸ್ತಕವಾಗಿ ಅಚ್ಚಾಗಿವೆ. ಆ ಮನೆಯಲ್ಲಿ ಎರಡು ತಲೆಮಾರಿಂದ ನುಂಗಿಕೊಂಡಿದ್ದನ್ನು ಇವನು ಕಕ್ಕಿಬಿಟ್ಟ ಅಂತ ನನಗೆ ಅನ್ಸುತ್ತೆ. ಇದು ನನ್ನ ಊಹೆ, ಇತಿಹಾಸಕಾರರು ಕ್ಷಮಿಸಬೇಕು.

ಇದೆಲ್ಲ ಹಳೇ ಕಾಲ, ಈಗ ಫೋನ್ ಇದೆಯಲ್ಲ ಅಂತೀರಾ? ಅಮೆರಿಕದ ಸಾಲ್ಟ್ ಲೇಕ್ ಸಿಟಿ ಮೂಲದ ಮಾರ್ಮನ್ ಚರ್ಚ್ ಇದೆ. ಅವರಲ್ಲಿ 18 ತುಂಬಿದ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮಿಷನ್‌ಗೆ ಹೋಗ್ತಾರೆ. ಬೆಂಗಳೂರಿನಲ್ಲೂ ಅವರ ಮಿಷನ್ ಇದೆ. 2019ರ ಫೆಬ್ರವರಿ ತನಕ ಇವರು ಮನೆಗೆ ಕಾಲ್ ಮಾಡೋಕೆ ಇದ್ದಿದ್ದು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್, ತಾಯಂದಿರ ದಿನ. ಬಾಕಿ ವಾರಕ್ಕೊಂದು ಇಮೇಲ್. ಫೋನ್ ಇತ್ತು, ನೆಟ್ ಇತ್ತು, ನಿಯಮ ಇರಲಿಲ್ಲ. ಈಗ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಬಹುದು. ಅಂದ್ರೆ ದೂರ ಅನ್ನೋದು ಯಾವಾಗ್ಲೂ ಸಮುದ್ರದಿಂದಾನೇ ಆಗಬೇಕಂತಿಲ್ಲ.

ಸರಿ, ನಮ್ಮ ಡಬ್ಬಕ್ಕೆ ವಾಪಸ್.

ಅಜ್ಜಿಗೆ ಬರೆಯೋಕೆ ಬರ್ತಿರಲಿಲ್ಲ. ಅಜ್ಜಿ ಹೇಳೋದು, ಮನೆಯಲ್ಲಿ ಕಿರಿಯಳಾದ ನನ್ನ ಅಮ್ಮ ಬರೆಯೋದು. ಆಗ ಅಮ್ಮನಿಗೆ 17. ಅಜ್ಜನ ಮಣ್ಣು ಆದ ವಾರ ಅಜ್ಜಿ ಅಡುಗೆಮನೆಯಲ್ಲಿ ಕೂತು ಹೇಳಿದ್ರಂತೆ: “ಪಪ್ಪಾ ಆರಾಮಾಗಿದ್ದಾರೆ, ಸ್ವಲ್ಪ ಕೆಮ್ಮು ಅಂತ ಬರಿ.” ಕಾರಣ ಇತ್ತು. ದೊಡ್ಡಮ್ಮ ಅಲ್ಲಿಗೆ ಹೋಗಿ ವರ್ಷ ಆಗಿತ್ತಷ್ಟೇ. ಐದು ವರ್ಷ ಆಗದೆ ಊರಿಗೆ ರಜೆ ಇಲ್ಲ. ಹೇಗೂ ಬರೋಕಾಗಲ್ಲ, ಒಬ್ಬಳೇ ಅತ್ತು ಏನು ಮಾಡ್ತಾಳೆ? ರಜೆಗೆ ಬಂದಾಗ ಹೇಳಿದ್ರಾಯ್ತು.

ಅಮ್ಮ ಬರೆದ್ರು. ಮುಂದಿನ ತಿಂಗಳು ಶುಂಠಿ, ಜೇನು, ಎರಡು ದಿಂಬಿನ ಉತ್ತರ ಬಂತು. ಅದನ್ನು ಅಜ್ಜಿಗೆ ಓದಿ ಹೇಳಬೇಕಾದ್ದೂ ಅಮ್ಮನೇ. ಮತ್ತೆ ಸುಳ್ಳು ಬರೀಬೇಕು. ಕೆಮ್ಮು ಕಡಿಮೆ ಆಗಿದೆ ಅಂತ ಬರೆದ್ರಂತೆ.

1988ರ ಜನವರಿಯಲ್ಲಿ ಊರಿನ ಕಡೆಯ ಪಾದ್ರಿಯೊಬ್ಬರು ರಜೆ ಮುಗಿಸಿ ತಾಂಜಾನಿಯಾಕ್ಕೆ ವಾಪಸ್ ಹೋದ್ರು. ದೊಡ್ಡಮ್ಮನನ್ನು ಕಂಡು, ಅವರಿಗೆ ಗೊತ್ತೇ ಇದೆ ಅಂದ್ಕೊಂಡು, ತಂದೆಯವರ ಆತ್ಮಕ್ಕೆ ಒಂದು ಪೂಜೆ ಅರ್ಪಿಸಿದೆ ಅಂದ್ರು.

ಹೋದ ತಿಂಗಳು ನಾನು ದೊಡ್ಡಮ್ಮನಿಗೆ ವಾಟ್ಸ್‌ಆ್ಯಪ್ ವಿಡಿಯೊ ಕಾಲ್ ಮಾಡಿದ್ದೆ. ಈಗಲೂ ಅಲ್ಲೇ ಇದ್ದಾರೆ, ದವಾಖಾನೆ ಬಿಟ್ಟು ತೋಟ ನೋಡ್ಕೋತಾರೆ. ಡಬ್ಬದ ವಿಷಯ ಹೇಳಿದೆ. ಡಿಸೆಂಬರ್‌ನಿಂದ ಮೇ ತನಕ ನೀವು ಬರೀಲೇ ಇಲ್ವಲ್ಲ, ಸಿಟ್ಟಾ ಅಂತ ಕೇಳಿದೆ.

“ಬರೆದಿದ್ದೆ,” ಅಂದ್ರು. “ಫೆಬ್ರವರಿಯಲ್ಲಿ ಒಂದು ಬರೆದಿದ್ದೆ. ಡಬ್ಬದಲ್ಲಿ ಇಲ್ವಾ?”

ಇಲ್ಲ ಅಂದೆ. ಅವರು ಮಾತು ಬದಲಾಯಿಸಿ, ಊರಲ್ಲಿ ಮಳೆ ಹೇಗಿದೆ ಅಂತ ಕೇಳಿದ್ರು. ಅಮ್ಮ ನನ್ನ ಪಕ್ಕದಲ್ಲೇ ಕೂತು ಬೀನ್ಸ್ ನಾರು ತೆಗೀತಿದ್ರು. ಏನೂ ಹೇಳಲಿಲ್ಲ.

ಕಾಲ್ ಮುಗಿದ ಮೇಲೆ ಅಮ್ಮ ಎದ್ದು ಕೋಣೆಗೆ ಹೋದ್ರು. ಅವರ ಮದುವೆ ಸೀರೆ ಇಡೋ ಕಪಾಟಿನ ಬಾಗಿಲ ಸದ್ದು ಕೇಳಿಸ್ತು. ವಾಪಸ್ ಬಂದು ಒಂದು ಏರೋಗ್ರಾಮ್ ಮೇಜಿನ ಮೇಲಿಟ್ರು. ಮಡಿಕೆಯಲ್ಲಿ ಹರಿದಿತ್ತು. ವಿಳಾಸದಲ್ಲಿ ಅಜ್ಜಿ ಹೆಸರಿರಲಿಲ್ಲ, ಅಮ್ಮನ ಹೆಸರಿತ್ತು.

“ಇದನ್ನು ನಾನು ಮಾಯ್‌ಗೆ ಓದಿ ಹೇಳಿಲ್ಲ,” ಅಂದ್ರು. ಮಾಯ್ ಅಂದ್ರೆ ಅಜ್ಜಿ. “ಈ ಸಲ ಅಕ್ಕನ ಪತ್ರ ಬರಲಿಲ್ಲ ಅಂತ ಹೇಳಿಬಿಟ್ಟೆ.”

ಹಾಗಾಗಿ ಅಜ್ಜಿ, ಮಗಳಿಗೆ ವಿಷಯ ಗೊತ್ತಾಗಿದೆ ಅಂತ ತಿಳಿಯದೆ, ಇನ್ನೂ ಮೂರು ತಿಂಗಳು ಪಪ್ಪಾನ ಕ್ಷೇಮ ಬರೆಸ್ತಾನೇ ಇದ್ರು. ಗೊತ್ತಿದ್ದೂ ಅಮ್ಮ ಬರೆದ್ರು. ಗೊತ್ತಿದ್ದೂ ದೊಡ್ಡಮ್ಮ ಓದಿದ್ರು.

ಪತ್ರ ನನ್ನ ಮುಂದೆ ಇದೆ. ಓದಿದ್ದೀನಿ. ಅದರಲ್ಲಿ ಏನಿದೆ ಅಂತ ಇಲ್ಲಿ ಹೇಳಬಹುದಾ ಅಂತ ಅಮ್ಮನನ್ನು ಕೇಳಿದೆ. “ಬೇಡ. ಅದು ನನಗೆ ಬರೆದದ್ದು,” ಅಂದ್ರು.

ಮುಂದಿನ ವಾರ ಸಿಗೋಣ.